ವೆಸ್ಟ್ರಿಯ ಬೀರುವಿನ ಕೀಲಿ ಇರುವವರಿಗೆ

ಕರ್ನಾಟಕದ ಹಳೆಯ ಚರ್ಚುಗಳ ಸಭಾಪಾಲಕರಿಗೆ, ಫಾದರ್‌ಗಳಿಗೆ, ಕಮಿಟಿ ಸೆಕ್ರೆಟರಿಗಳಿಗೆ, ಮತ್ತು ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಬೀರುವಿನ ಕೀಲಿಗೊಂಚಲು ನಿಜವಾಗಿ ಯಾರ ಜೇಬಿನಲ್ಲಿ ಇರುತ್ತದೋ ಅವರಿಗೆ,

ನಮಸ್ಕಾರ.

ನನ್ನ ಅಜ್ಜಿಯ ಅಜ್ಜ ಒಬ್ಬ ಬ್ರಿಟಿಷ್ ಸೋಲ್ಜರ್. ಅವನನ್ನು ಹುಡುಕಲು ನನಗೆ ಒಂದು ರಾತ್ರಿ ಸಾಕಾಯಿತು. ಅವನ ಹೆಂಡತಿ ನಮ್ಮ ಕಡೆಯವಳು. ಅವಳನ್ನು ಹುಡುಕಲು ಶುರು ಮಾಡಿ ಒಂಬತ್ತು ವರ್ಷ ಆಯಿತು, ಇನ್ನೂ ಸಿಕ್ಕಿಲ್ಲ. ಯಾಕೆ ಹೀಗೆ ಅಂತ ಹೇಳುವುದಕ್ಕೆ, ನಿಮ್ಮ ಬೀರುವಿನಲ್ಲಿರುವ ಹಳೆಯ ರಿಜಿಸ್ಟರುಗಳ ಫೋಟೋ ತೆಗೆದಿಡಿ ಅಂತ ಕೇಳುವುದಕ್ಕೆ ಈ ಪತ್ರ.

ಅಜ್ಜಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವಳ ಅಪ್ಪ ಸದರ್ನ್ ಮರಾಠಾ ರೈಲ್ವೆಯಲ್ಲಿ ಎಂಜಿನ್ ಡ್ರೈವರ್. ಮದುವೆಯಾಗಿ ಬಂದದ್ದು ಕನ್ನಡ ಕ್ರೈಸ್ತರ ಮನೆಗೆ. ಸೀರೆ ಉಟ್ಟಳು, ಜೋಳದ ರೊಟ್ಟಿ ಬಡಿಯಲು ಕಲಿತಳು. ಭಾನುವಾರ ಮಾತ್ರ ಹಳದಿ ಅನ್ನ, ಬಾಲ್ ಕರಿ (ಖೀಮಾ ಉಂಡೆಯ ಸಾರು) ಆಗಲೇಬೇಕಿತ್ತು. ಅವಳ ಟ್ರಂಕಿನಲ್ಲಿ ಅಪ್ಪನ ದೀಕ್ಷಾಸ್ನಾನದ ಚೀಟಿ ಇತ್ತು, ಬಳ್ಳಾರಿಯದು. ಅಜ್ಜನ ಹೆಸರು ಹೇಳುವಾಗ ಪೂರ್ತಿ ಹೆಸರು, ಪಲ್ಟನ್ನಿನ ನಂಬರು ಎಲ್ಲ ಹೇಳುತ್ತಿದ್ದಳು. 'ಅಜ್ಜಿ ಹೆಸರು?' ಅಂತ ಕೇಳಿದರೆ 'ಮೇರಿ' ಅನ್ನುತ್ತಿದ್ದಳು. 'ಮೇರಿ ಆಗೋಕ್ಕಿಂತ ಮೊದಲು?' ಅಂದರೆ ಸುಮ್ಮನಾಗುತ್ತಿದ್ದಳು. ಗೊತ್ತಿರಲಿಲ್ಲ ಅಷ್ಟೆ.

ಸೋಲ್ಜರ್ ಸಿಕ್ಕಿದ್ದು ಹೀಗೆ. ಮೊದಲು ಫ್ಯಾಮಿಲಿಸರ್ಚ್ ಎಂಬ ಸೈಟಿನಲ್ಲಿ ಹುಡುಕಿದೆ. ಮಾರ್ಮನ್ ಚರ್ಚಿನವರು ನಡೆಸುವ ಸೈಟು, ಪುಕ್ಕಟೆ. ಅಲ್ಲಿ ಬರೀ ಸೂಚಿ ಸಿಕ್ಕಿತು. ಆಮೇಲೆ ಫೈಂಡ್‌ಮೈಪಾಸ್ಟ್‌ನಲ್ಲಿ ಒಂದು ತಿಂಗಳ ಚಂದಾ ಕಟ್ಟಿದೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಕಚೇರಿ) ದಾಖಲೆಗಳ ಪುಟಗಳ ಚಿತ್ರಗಳೇ ಅಲ್ಲಿವೆ. ರಾತ್ರಿ ಹನ್ನೊಂದೂವರೆಗೆ 1860ರ ದಶಕದ ಒಂದು ಮದುವೆ ಪುಟ ತೆರೆದುಕೊಂಡಿತು. ಗಂಡಿನ ಸಾಲು ತುಂಬಿ ತುಳುಕುತ್ತಿತ್ತು. ಹೆಸರು, ಮನೆತನದ ಹೆಸರು, ವಯಸ್ಸು, ಬ್ರಹ್ಮಚಾರಿ, ಪ್ರೈವೇಟ್, ಯಾವ ರೆಜಿಮೆಂಟು, ಅಪ್ಪನ ಹೆಸರು. ಹೆಣ್ಣಿನ ಸಾಲಿನಲ್ಲಿ 'ಮೇರಿ, ನೇಟಿವ್ ಕ್ರಿಶ್ಚಿಯನ್, 17' ಅಂತ ಇತ್ತು. ಅಪ್ಪನ ಹೆಸರಿನ ಜಾಗದಲ್ಲಿ ಒಂದು ಅಡ್ಡ ಗೀಟು. ಸಹಿಯ ಜಾಗದಲ್ಲಿ ಒಂದು ಗುಣಿಸು ಗುರುತು, ಅದರ ಪಕ್ಕ 'ಅವಳ ಗುರುತು' ಅಂತ ಇಂಗ್ಲಿಷಿನಲ್ಲಿ.

ಆ ಗುರುತಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ನಮ್ಮ ಮೇರಿ ಬರೆದದ್ದು ಅಂತ ಉಳಿದಿರುವುದು ಇದೊಂದೇ ಅಲ್ವಾ ಅಂದುಕೊಂಡೆ.

ಅದು ಅವಳು ಬರೆದದ್ದಲ್ಲ ಅಂತ ಆಮೇಲೆ ತಿಳಿಯಿತು.

ಲಂಡನ್ನಿನಲ್ಲಿರುವುದು ಮೂಲ ರಿಜಿಸ್ಟರ್ ಅಲ್ಲ, ನಕಲು. ಈಸ್ಟ್ ಇಂಡಿಯಾ ಕಂಪನಿ ಕಾಲದಿಂದಲೂ ಇದೇ ಪದ್ಧತಿ. ಚಾಪ್ಲಿನ್, ಅಂದರೆ ಸರ್ಕಾರಿ ಪಾದ್ರಿ, ತನ್ನ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪಟ್ಟಿಯ ಪ್ರತಿಯನ್ನು ಹೊಸದಾಗಿ ಬರೆಸಿ ಮದ್ರಾಸಿಗೋ ಬಾಂಬೆಗೋ ಕಲ್ಕತ್ತೆಗೋ ಕಳಿಸಬೇಕು. ಅಲ್ಲಿಂದ ಕಟ್ಟು ಕಟ್ಟಿ ಹಡಗಿನಲ್ಲಿ ಲಂಡನ್ನಿಗೆ. ಪೆನ್ಷನ್ನು, ಆಸ್ತಿ, ವಾರಸುದಾರಿಕೆ ಅಂತ ಕಂಪನಿಗೆ ಪುರಾವೆ ಬೇಕಿತ್ತು. ಮದ್ರಾಸಿನ ಕಟ್ಟುಗಳು 1698ರಿಂದ 1948ರವರೆಗೆ ಇವೆ. ಎರಡೂವರೆ ಶತಮಾನ! ಆ ಗುಣಿಸು ಗುರುತು ಹಾಕಿದವನು ಯಾರೋ ನಕಲು ಗುಮಾಸ್ತ. ನಿಜವಾದ ಮೇರಿ, ಪೆನ್ನು ಹಿಡಿದು ಅಭ್ಯಾಸವಿಲ್ಲದ ಕೈಯಲ್ಲಿ ಗೀಟು ಎಳೆದದ್ದು ಮೂಲ ಪುಸ್ತಕದಲ್ಲಿ. ಅದು ಹಡಗು ಹತ್ತಲಿಲ್ಲ. ಅಂಥ ಪುಸ್ತಕಗಳು ಇದ್ದರೆ ನಿಮ್ಮ ಬೀರುಗಳಲ್ಲಿವೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಲಂಡನ್ನಿಗೆ ನಕಲು ಹೋದದ್ದು ಬಹುಪಾಲು ಯುರೋಪಿಯನ್ನರದು, ಆಂಗ್ಲೋ-ಇಂಡಿಯನ್ನರದು. ನಮ್ಮ ನೆಲದ ಕ್ರೈಸ್ತರ ಪಟ್ಟಿ ಕಳಿಸುವ ಗೋಜಿಗೆ ಹೆಚ್ಚಾಗಿ ಯಾರೂ ಹೋಗಲಿಲ್ಲ. ಮಿಷನ್ ಸಭೆಗಳ ರಿಜಿಸ್ಟರುಗಳು ಬರೆದ ಜಾಗದಲ್ಲೇ ಉಳಿದವು. ಬಿಳಿಯರ ದಾಖಲೆಗೆ ಎರಡು ಪ್ರತಿ, ಈಗ ಕಂಪ್ಯೂಟರಿನಲ್ಲಿ ಮೂರನೆಯದು. ನಮ್ಮವರ ದಾಖಲೆಗೆ ಒಂದೇ ಪ್ರತಿ. ಅದನ್ನು ಕಾಯುತ್ತಿರುವವರು ನೀವು, ನಿಮ್ಮ ಜೊತೆಗೆ ಒಂದು ಡಬ್ಬಿ ನ್ಯಾಫ್ತಲೀನ್ ಗುಳಿಗೆ.

ಸಂವಿಧಾನದ 366ನೇ ವಿಧಿ ಆಂಗ್ಲೋ-ಇಂಡಿಯನ್ ಅಂದರೆ ಯಾರು ಅಂತ ಹೇಳುವಾಗಲೂ ಅಪ್ಪ, ಅಪ್ಪನ ಅಪ್ಪ ಹೀಗೆ ಗಂಡಸರ ಸಾಲನ್ನೇ ನೋಡುತ್ತದೆ. ಚರ್ಚಿನ ಪುಸ್ತಕವೂ ಅಷ್ಟೆ, ಕಾಯಿದೆ ಪುಸ್ತಕವೂ ಅಷ್ಟೆ. ಕಂಪನಿ ಕಾಲದ ಪುಟಗಳಲ್ಲಂತೂ ಅಮ್ಮನ ಹೆಸರಿನ ಜಾಗ ಖಾಲಿ, ಇಲ್ಲವಾದರೆ 'ನೇಟಿವ್ ವುಮನ್' ಅಂತ ಎರಡು ಪದ. ಮನೆಯೊಳಗೆ ಮಗುವಿಗೆ ಲಾಲಿ ಹಾಡಿದ್ದು, ತುತ್ತು ಇಟ್ಟದ್ದು, ಜ್ವರ ಬಂದಾಗ ದೃಷ್ಟಿ ತೆಗೆದದ್ದು ಆ ಎರಡು ಪದ.

ಅವಳ ಹಳೆಯ ಹೆಸರು ಸಿಗುವ ಜಾಗ ಒಂದೇ ಒಂದು, ಅವಳಿಗೆ ದೀಕ್ಷಾಸ್ನಾನ ಆದ ಸಭೆಯ ಪುಸ್ತಕ. ನಾನು ಊಹೆಯಿಂದ ಹೇಳುತ್ತಿಲ್ಲ. ಉತ್ತರ ಕರ್ನಾಟಕದ ಒಂದು ಊರಿಗೆ ಹೋಗಿದ್ದೆ. ಹೆಸರು ಬೇಡ, ಅಲ್ಲಿಯವರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ಮೇರಿ ಅಲ್ಲಿಯ ಮಿಷನ್ ಸಭೆಯಲ್ಲಿ ಸೇರಿದವಳು ಅಂತ ನಮ್ಮ ಮನೆಯಲ್ಲಿ ಒಂದು ಮಾತಿತ್ತು. ಸೆಕ್ರೆಟರಿ ಚಹಾ ತರಿಸಿ, ಬೀರು ತೆಗೆದು, 'ನೋಡ್ರಿ, ಆರಾಮಾಗಿ ನೋಡ್ರಿ' ಅಂದರು. ಮೊದಲ ಪುಸ್ತಕ ಕೈಗೆ ಬಂತು. ಕನ್ನಡದಲ್ಲಿ ಬರೆದದ್ದು, ದುಂಡು ಅಕ್ಷರ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಒಂದು ಕಾಲಮ್ಮಿನ ತಲೆಯ ಮೇಲೆ 'ಹಿಂದಿನ ಹೆಸರು' ಅಂತಿತ್ತು. ಒಬ್ಬ ಯಲ್ಲವ್ವ ರೂತ್ ಆಗಿದ್ದಳು. ಒಬ್ಬ ಬಸವ್ವ ಮಾರ್ಥಾ ಆಗಿದ್ದಳು. ಊರು, ಅಪ್ಪನ ಹೆಸರು, ಕಸುಬು ಎಲ್ಲ ಇತ್ತು. ನನ್ನ ಕೈ ನಡುಗಿತು ಅಂದರೆ ನಂಬಿ. ಆ ಪುಸ್ತಕ 1857ಕ್ಕೆ ಮುಗಿಯಿತು. ನನಗೆ ಬೇಕಿದ್ದದ್ದು ಅದರ ಮುಂದಿನದು.

ಮುಂದಿನದು ಕೆಳಗಿನ ಅರೆಯಲ್ಲಿತ್ತು. ಹಿಂದೆ ಯಾವುದೋ ಮಳೆಗಾಲದಲ್ಲಿ ಹೆಂಚು ಒಡೆದು ನೀರು ಇಳಿದಿತ್ತಂತೆ. ಒಣಗಲಿ ಅಂತ ಬಿಸಿಲಿಗೆ ಇಟ್ಟಿದ್ದರಂತೆ. ಪುಟಗಳೆಲ್ಲ ಅಂಟಿಕೊಂಡು ಇಟ್ಟಿಗೆಯ ಹಾಗೆ ಆಗಿತ್ತು. ಬೆರಳಲ್ಲಿ ಬಡಿದರೆ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಸೆಕ್ರೆಟರಿ ನನಗಿಂತ ಜಾಸ್ತಿ ಬೇಜಾರು ಮಾಡಿಕೊಂಡರು. 'ಒಂದು ಫೋಟೋನಾದ್ರೂ ತಗೊಂಡಿದ್ರೆ…' ಅಂದರು.

ನಾನು ಕೇಳುತ್ತಿರುವುದು ಅದನ್ನೇ. ಉಳಿದ ಪುಸ್ತಕಗಳ ಫೋಟೋ.

ನಿಮ್ಮ ಹತ್ತಿರ ಬರುವವರು ಎಂಥವರು ಅಂತ ನನಗೆ ಗೊತ್ತು. ಪರ್ತ್‌ನಿಂದ, ಟೊರಾಂಟೊದಿಂದ, ಲಂಡನ್ನಿನಿಂದ ಈಮೇಲ್ ಬರುತ್ತದೆ. 'ನಮ್ಮ ಮುತ್ತಜ್ಜ 1890ರ ಸುಮಾರಿಗೆ ನಿಮ್ಮ ಚರ್ಚಿನಲ್ಲಿ ಹುಟ್ಟಿದ, ದಯವಿಟ್ಟು ಹುಡುಕಿ ಕೊಡಿ' ಅಂತ. ಯಾವ ವರ್ಷ, ಯಾವ ತಿಂಗಳು, ಏನೂ ಇರುವುದಿಲ್ಲ. ಭಾನುವಾರದ ಆರಾಧನೆ, ಎರಡು ಮದುವೆ, ಒಂದು ಸಮಾಧಿ, ಕಮಿಟಿ ಜಗಳ ಇವುಗಳ ನಡುವೆ ಇದನ್ನು ಯಾರು ಹುಡುಕುತ್ತಾರೆ? ಆದರೆ ಅವರಿಗೂ ಬೇರೆ ದಾರಿ ಇಲ್ಲ. ನಮ್ಮ ದೇಶದಲ್ಲಿ ಹುಟ್ಟು-ಸಾವಿನ ನೋಂದಣಿ ಎಲ್ಲರಿಗೂ ಕಡ್ಡಾಯ ಅಂತ ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ. 1886ರ ಕಾನೂನಿನಲ್ಲಿ ಅದು ಇಷ್ಟವಿದ್ದವರು ಮಾಡಿಸಿಕೊಳ್ಳುವ ವ್ಯವಸ್ಥೆ. ಹಾಗಾಗಿ ಹಳೆಯ ತಲೆಮಾರಿನ ಕ್ರೈಸ್ತರಿಗೆ ಹುಟ್ಟಿದ ಪುರಾವೆ ಅಂದರೆ ಚರ್ಚಿನ ಚೀಟಿ.

ಪುಟಗಳ ಚಿತ್ರ ಇದ್ದರೆ ಈ ಹುಡುಕಾಟ ನಿಮ್ಮ ತಲೆ ಮೇಲೆ ಬೀಳುವುದಿಲ್ಲ. ಹುಡುಕುವವರೇ ಹುಡುಕಿಕೊಳ್ಳುತ್ತಾರೆ. ಅದರಲ್ಲೊಂದು ಖುಷಿಯೂ ಇದೆ. ಲಂಡನ್ನಿನ ಪುಟಗಳಲ್ಲಿ ಒಬ್ಬರ ಕಸುಬು 'ಕಂಡಕ್ಟರ್' ಅಂತ ನೋಡಿ ನಾನು ಬಸ್ಸಿಲ್ಲದ ಕಾಲದಲ್ಲಿ ಇವನು ಯಾರಿಗೆ ಟಿಕೆಟ್ ಕೊಡುತ್ತಿದ್ದ ಅಂತ ನಕ್ಕಿದ್ದೆ. ಸೇನೆಯ ಮದ್ದುಗುಂಡು, ದಿನಸಿ ಉಗ್ರಾಣದ ಇಲಾಖೆಗಳಲ್ಲಿ ಅದೊಂದು ಹುದ್ದೆಯಂತೆ. 'ರೈಟರ್' ಅಂದರೆ ಲೇಖಕನಲ್ಲ, ಗುಮಾಸ್ತ. ಒಂದೇ ದಿನ ಒಂದೇ ಮನೆಯ ಮೂರು ಮಕ್ಕಳಿಗೆ ದೀಕ್ಷಾಸ್ನಾನ ಆಗಿದ್ದರೆ ತ್ರಿವಳಿ ಅಂತಲ್ಲ. ಆ ಊರಿಗೆ ಚಾಪ್ಲಿನ್ ಬರುತ್ತಿದ್ದದ್ದೇ ಅಪರೂಪ, ಬಂದಾಗ ಎಲ್ಲ ಬಾಕಿಯನ್ನೂ ಒಟ್ಟಿಗೆ ತೀರಿಸಿ ಹೋಗುತ್ತಿದ್ದ. ಸಮಾಧಿ ಪುಸ್ತಕದಲ್ಲಿ ಸತ್ತ ದಿನ, ಹೂಳಿದ ದಿನ ಹೆಚ್ಚಾಗಿ ಒಂದೇ, ಇಲ್ಲ ಮರುದಿನ. ಬಿಸಿಲು ಅಂಥದ್ದು. 1898ಕ್ಕೆ ಬಂದರೆ ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಪ್ಲೇಗು. ಆ ವರ್ಷದ ಪುಟ ತಿರುಗಿಸುವಾಗ ಯಾರಿಗೂ ನಗು ಬರುವುದಿಲ್ಲ.

ಊರ ಹೆಸರುಗಳದ್ದೇ ಒಂದು ಕತೆ. 'ಚಿಟ್ಟಲ್‌ಡ್ರೂಗ್' ನಮ್ಮ ಚಿತ್ರದುರ್ಗ. 'ಹರ್ರಿಹರ್' ಹರಿಹರ, ಒಂದು ಕಾಲಕ್ಕೆ ಅಲ್ಲೂ ಪಲ್ಟನ್ನು ಇತ್ತು. 'ಮರ್ಕಾರ' ಮಡಿಕೇರಿ. 'ಫ್ರೆಂಚ್ ರಾಕ್ಸ್' ಎಲ್ಲಿ ಅಂತ ಹೊರಗಿನವರು ತಲೆ ಕೆರೆದುಕೊಳ್ಳುತ್ತಾರೆ, ಮಂಡ್ಯದವರನ್ನು ಕೇಳಿದರೆ ಪಾಂಡವಪುರ ಅಂತ ಥಟ್ಟನೆ ಹೇಳುತ್ತಾರೆ. ಇದರ ಮೇಲೆ ಆಡಳಿತದ ಗಡಿ ಬೇರೆ. ಬಳ್ಳಾರಿ, ಮಂಗಳೂರು, ಮೈಸೂರು, ಬೆಂಗಳೂರು ದಂಡು ಎಲ್ಲ ಮದ್ರಾಸಿನ ಕಟ್ಟಿನಲ್ಲಿ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಬಾಂಬೆಯ ಕಟ್ಟಿನಲ್ಲಿ. ನಮ್ಮ ಮುತ್ತಜ್ಜ ಹುಟ್ಟಿದ್ದು ಮದ್ರಾಸಿನಲ್ಲಿ, ಮದುವೆಯಾದದ್ದು ಬಾಂಬೆಯಲ್ಲಿ ಅಂತ ದಾಖಲೆ ಹೇಳುತ್ತದೆ. ಪಾಪ, ಅವನು ಬಳ್ಳಾರಿಯಿಂದ ಹುಬ್ಬಳ್ಳಿಗೆ ಬಂದಿದ್ದ, ಅಷ್ಟೆ. ಎರಡೂ ಕಡೆ ಹುಡುಕಬೇಕು ಅಂತ ತಿಳಿಯದೆ ನಾನು ಆರು ತಿಂಗಳು ಕಳೆದೆ. ಇಂಥ ಪುಟಗಳನ್ನು ಓದಿ ಸೂಚಿ ಮಾಡುವ ಕೆಲಸ ದೂರದ ದೇಶದ ಸ್ವಯಂಸೇವಕರು ಮಾಡಿದ್ದಾರೆ, ಅವರಿಗೆ ಕೈ ಮುಗಿಯಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬಗ್ಗೆಯೇ 1998ರಲ್ಲಿ ಶುರುವಾದ ಫಿಬಿಸ್ ಎಂಬ ಸಂಘ ತನ್ನ ಸೂಚಿಯನ್ನು ಪುಕ್ಕಟೆಯಾಗಿ ಇಟ್ಟಿದೆ. ಆದರೆ ಮುನಿಯಮ್ಮ, ಹುಣಸೂರು ಅಂತ ಓದಲು ನಮ್ಮ ಕಣ್ಣೇ ಬೇಕು.

ಮಂಗಳೂರು ಕಡೆಯ ಕ್ಯಾಥೊಲಿಕ್ ಫಾದರ್‌ಗಳಿಗೆ ಒಂದು ಮಾತು. ನಿಮ್ಮ ಪುಸ್ತಕಗಳು ಎಷ್ಟು ಬೆಲೆಬಾಳುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಚರ್ಚುಗಳೇ ನೆಲಸಮವಾದ ಮೇಲೆ ಪುಸ್ತಕಗಳು ಎಲ್ಲಿ ಉಳಿಯಬೇಕು? 1799ರ ಮೇಲೆ ತಿರುಗಿ ಬಂದವರು ಮತ್ತೆ ಬರೆಯಲು ಶುರು ಮಾಡಿದರು. ಅದರಲ್ಲಿ ಮನೆಯ ಇನಾಸ್ ಲ್ಯಾಟಿನ್ನಿನ ಇಗ್ನೇಷಿಯಸ್ ಆಗಿ ಕೂತಿರುತ್ತಾನೆ. 20ನೇ ಶತಮಾನದ ಪುಟಗಳಲ್ಲಿ ದೀಕ್ಷಾಸ್ನಾನದ ಸಾಲಿನ ಪಕ್ಕ, ಮಾರ್ಜಿನ್‌ನಲ್ಲಿ, ಆ ಮಗು ದೊಡ್ಡದಾಗಿ ಯಾರನ್ನು ಎಲ್ಲಿ ಮದುವೆಯಾಯಿತು ಅಂತ ಚಿಕ್ಕ ಅಕ್ಷರದ ಟಿಪ್ಪಣಿ ಇರುತ್ತದೆ. ಒಂದು ಸಾಲಿನಲ್ಲಿ ಒಂದು ಜೀವನ. ಫೋಟೋ ತೆಗೆಯುವಾಗ ಮಾರ್ಜಿನ್ ಕತ್ತರಿಸಬೇಡಿ, ಇಷ್ಟೇ ಬೇಡಿಕೆ.

ಈಗ ನಿಮ್ಮ ಭಯದ ಬಗ್ಗೆ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಹಿಂದಿನ ಹೆಸರು ಅಂದರೆ ಹಿಂದಿನ ಜಾತಿಯೂ ಹೌದು. ಕೆಲವು ಪುಸ್ತಕಗಳಲ್ಲಿ ಜಾತಿಯನ್ನೂ ಬರೆದಿದ್ದಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಹೀಗಿರುವಾಗ ಒಂದು ಮನೆಯ ದಾಖಲೆ ಯಾರ ಕೈಗೆ ಸಿಕ್ಕಿದರೆ ಏನಾಗುತ್ತದೋ ಅಂತ ಅನ್ನಿಸುವುದು ಸಹಜ. ಯಾರು ಯಾವಾಗ ಮತಾಂತರ ಆದರು ಅನ್ನುವ ಪಟ್ಟಿಯನ್ನು ಈಗಿನ ದಿನಗಳಲ್ಲಿ ಯಾರ ಮುಂದೆಯೂ ಬಿಚ್ಚಿಡಲು ಮನಸ್ಸು ಬರುವುದಿಲ್ಲ. ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ಸಾಲುಗಳೂ ಇವೆ. ಆಸ್ತಿ ವ್ಯಾಜ್ಯದವರು ವಕೀಲರನ್ನು ಕರೆದುಕೊಂಡು ಬಂದು ಮೇಜು ಗುದ್ದಿದ ಕತೆಯನ್ನೂ ಒಬ್ಬ ಸಭಾಪಾಲಕರು ನನಗೆ ಹೇಳಿದರು.

ಆದ್ದರಿಂದ ಫೋಟೋ ತೆಗೆಯುವುದು ಬೇರೆ, ಎಲ್ಲರಿಗೂ ತೋರಿಸುವುದು ಬೇರೆ. ಮೊದಲನೆಯದು ಈಗಲೇ ಆಗಲಿ. ಎರಡನೆಯದನ್ನು ನೀವು, ನಿಮ್ಮ ಸಭೆ ಕೂತು ತೀರ್ಮಾನ ಮಾಡಿ. ಇಂಗ್ಲೆಂಡಿನಲ್ಲಿ 1921ರ ಜನಗಣತಿಯ ಹಾಳೆಗಳನ್ನು ನೂರು ವರ್ಷ ಬೀಗ ಹಾಕಿಟ್ಟು 2022ರಲ್ಲಿ ಬಿಟ್ಟರು. ಹಾಗೇ ನೂರು ವರ್ಷ ದಾಟಿದ ಪುಟ ಮಾತ್ರ ತೆರೆಯಿರಿ. ಜಾತಿಯ ಕಾಲಂ ಮುಚ್ಚಬೇಕು ಅನ್ನಿಸಿದರೆ ಮುಚ್ಚಿ ತೋರಿಸಿ. ಏನನ್ನೂ ತೋರಿಸುವುದಿಲ್ಲ, ಬಂದು ಕೇಳಿದವರಿಗೆ ಅವರ ಮನೆಯ ಸಾಲನ್ನು ಮಾತ್ರ ಕೊಡುತ್ತೇವೆ ಅಂದರೂ ನನ್ನ ತಕರಾರಿಲ್ಲ. ಇಟ್ಟಿಗೆಯಾದ ಪುಸ್ತಕದಿಂದ ಯಾರ ಗುಟ್ಟೂ ಹೊರಗೆ ಬರುವುದಿಲ್ಲ ನಿಜ, ಆದರೆ ಯಾರ ಅಜ್ಜಿಯೂ ಸಿಗುವುದಿಲ್ಲ.

ಲಂಡನ್ನಿನವರಿಗೆ ಕಳಿಸಿಬಿಡಿ, ಯಾವುದೋ ಕಂಪನಿಗೆ ಕೊಟ್ಟುಬಿಡಿ ಅಂತಲೂ ನಾನು ಹೇಳುತ್ತಿಲ್ಲ. ನಮ್ಮ ಪುಟ ನೋಡಲು ನಾವೇ ಪೌಂಡಿನ ಲೆಕ್ಕದಲ್ಲಿ ಚಂದಾ ಕಟ್ಟುವುದು ಯಾವ ಸೀಮೆ ನ್ಯಾಯ? ಮೇಲಾಗಿ ದೊಡ್ಡವರ ಬೀಗವೂ ಮುರಿಯುತ್ತದೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ದಾಳಿ ಆಗಿ, ಅದರ ಕ್ಯಾಟಲಾಗೇ ತಿಂಗಳುಗಟ್ಟಲೆ ಸಿಗಲಿಲ್ಲ. ಒಂದು ಪ್ರತಿ ನಿಮ್ಮಲ್ಲಿ, ಒಂದು ನಿಮ್ಮ ಡಯಾಸಿಸ್ (ಧರ್ಮಪ್ರಾಂತ್ಯ) ಆಫೀಸಿನಲ್ಲಿ, ಇನ್ನೊಂದು ದಾಖಲೆ ಕಾಯುವುದೇ ಕೆಲಸವಾಗಿರುವ ಕಡೆ ಇದ್ದರೆ ಸಾಕು. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಇದೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಾಗದಗಳು ಅಲ್ಲಿವೆ. ಬೆಂಗಳೂರಿನಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನದು ಇದೆ. ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಎಲ್ಲವನ್ನೂ ಬರೆದಿಡುವ ಚಟದವರು. ಅವರ ಹಳೆಯ ಫೋಟೋಗಳು ಸ್ವಿಟ್ಜರ್ಲೆಂಡಿನಿಂದ ಪುಕ್ಕಟೆಯಾಗಿ ನೋಡಲು ಸಿಗುತ್ತವೆ. ಹೆಂಚಿನ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ನಮ್ಮವರ ಮುಖಗಳಿವೆ, ಕೆಳಗೆ ಹೆಸರಿಲ್ಲ. ಹೆಸರು ಇರುವುದು ನಿಮ್ಮ ಬೀರುವಿನಲ್ಲಿ. ಮುಖ ಒಂದು ಖಂಡದಲ್ಲಿ, ಹೆಸರು ಇನ್ನೊಂದರಲ್ಲಿ!

ಖರ್ಚು ಜಾಸ್ತಿ ಇಲ್ಲ. ನಾನು ಮಾಡಿ ನೋಡಿದ್ದೇನೆ. ಒಂದು ಒಳ್ಳೆಯ ಮೊಬೈಲು, ಅದನ್ನು ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡು, ಕಿಟಕಿಯ ಬೆಳಕು, ಪುಟ ತಿರುಗಿಸಲು ಇನ್ನೊಬ್ಬರು. ಒಂದು ಮಧ್ಯಾಹ್ನದಲ್ಲಿ ಒಂದು ಪುಸ್ತಕ ಮುಗಿಯುತ್ತದೆ. ಝೆರಾಕ್ಸ್ ಮೆಷಿನ್ನಿನ ಮೇಲೆ ಬೋರಲು ಹಾಕಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಒಂದು ಚರ್ಚಿನಲ್ಲಿ ಬಹಳ ಕಾಳಜಿಯಿಂದ ನೂರಾರು ಪುಟ ಬಿಡಿಸಿ ಲ್ಯಾಮಿನೇಷನ್ ಮಾಡಿಸಿದ್ದರು. ಪ್ಲಾಸ್ಟಿಕ್ಕಿನೊಳಗೆ ಕಾಗದ ಹಳದಿಯಾಗಿ, ಗಾಳಿಗುಳ್ಳೆ ಎದ್ದು, ಈಗ ಬಿಡಿಸುವ ಹಾಗೂ ಇಲ್ಲ, ಓದುವ ಹಾಗೂ ಇಲ್ಲ. ಹರಿದ ಪುಟಕ್ಕೆ ಸೆಲ್ಲೋಟೇಪೂ ಬೇಡ. ಅಂಟಿಕೊಂಡ ಪುಟವನ್ನು ಬಿಡಿಸಲು ಬ್ಲೇಡು ಹಾಕುವುದಂತೂ ಬೇಡವೇ ಬೇಡ. ನಾನು ಹೇಳಿದೆನಲ್ಲ, ಆ ಇಟ್ಟಿಗೆ, ಅದನ್ನೂ ಎಸೆಯಬೇಡಿ ಅಂತ ಸೆಕ್ರೆಟರಿಗೆ ಕೈ ಮುಗಿದು ಬಂದಿದ್ದೇನೆ. ಹಳೆಯ ಕಾಗದದ ಕೆಲಸ ಬಲ್ಲವರು ನೋಡುವವರೆಗೆ ಇರಲಿ.

ನನಗೆ ಈಗ ರಿಟೈರ್ ಆಗಿದೆ. ಸ್ಟ್ಯಾಂಡು ನನ್ನದೇ ಇದೆ, ಬಸ್ಸಿನ ಖರ್ಚೂ ನನ್ನದೇ. ಕನ್ನಡದ ಮೋಡಿ ಅಕ್ಷರ ತಕ್ಕಮಟ್ಟಿಗೆ ಓದಲು ಬರುತ್ತದೆ. ನೀವು ಪಕ್ಕದಲ್ಲೇ ಕೂತು ನೋಡಬಹುದು, ಫೋಟೋಗಳನ್ನು ನಿಮ್ಮ ಪೆನ್‌ಡ್ರೈವಿಗೆ ಹಾಕಿ, ನನ್ನ ಮೊಬೈಲಿನಿಂದ ನಿಮ್ಮ ಎದುರೇ ಅಳಿಸುತ್ತೇನೆ. ಚಹಾ ಇದ್ದರೆ ಸಾಕು. ಯಾವ ಸಭೆಯಾದರೂ ಆಗಬಹುದು, ನನ್ನ ಮೇರಿ ಇರುವ ಸಭೆಯೇ ಆಗಬೇಕೆಂದಿಲ್ಲ. ಜೂನ್ ಮೊದಲ ವಾರದೊಳಗೆ ಕರೆದರೆ ಒಳ್ಳೆಯದು. ಆಮೇಲೆ ಮಳೆ ಹಿಡಿಯುತ್ತದೆ, ಕಿಟಕಿಯ ಬೆಳಕು ಸಾಲುವುದಿಲ್ಲ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ಕೆಳಗಿನ ಅರೆಯಲ್ಲಿರುವ ಪುಸ್ತಕಗಳನ್ನು ಮೇಲಿನ ಅರೆಗೆ ಎತ್ತಿಡಿ.

ಇಂತಿ,
ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನವಳ ಮೊಮ್ಮಗ